ಗೌಹರ ಮುಚ್ಚಿಟ್ಟ ಹುಣ್ಣು

೧೯೭೪ರ ಬೇಸಿಗೆ. ಗ್ರಾಂಟ್ ರೋಡಿನ ಸಾಲುಮನೆಗಳ ಒಂದು ಚಾಳಿನಲ್ಲಿ ದರ್ಜಿ ಚಮನಸಾಬನ ಹೆಂಡತಿ ಗೌಹರ ತುಂಬು ಬಸುರಿ. ಕೆಲವು ದಿನಗಳಿಂದ ಅವಳು ನಲ್ಲಿಗೂ ಬರುತ್ತಿರಲಿಲ್ಲ. ತನ್ನ ಲೋಟ, ತಟ್ಟೆ ಬೇರೆ ಇಟ್ಟುಕೊಂಡಿದ್ದಳು. ಗುಪ್ತಾಂಗದಲ್ಲಿ ನೀರುಗುಳ್ಳೆಗಳು ಎದ್ದು, ಒಡೆದು, ಉರಿಯುತ್ತಿದ್ದವು. ಯಾರಿಗೆ ಹೇಳುವುದು?

ಪಕ್ಕದ ಖೋಲಿಯ ನರ್ಸ್ ಇಂದ್ರಾಬಾಯಿ ಒಂದು ಮಧ್ಯಾಹ್ನ ಒಳಗೆ ಬಂದಳು.

"ಯಾಕ ತಂಗಿ, ನಡಿಯಾಕೂ ಆಗವಲ್ದು?"

ಗೌಹರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಹುಣ್ಣಿನ ವಿಷಯ ಹೇಳಿದಳು. "ಅಕ್ಕಾ, ಚಾಳಿನ ಸಂಡಾಸದಿಂದ ಹತ್ತಿರಬೇಕು. ಯಾರಿಗೂ ಹೇಳಬ್ಯಾಡ್ರಿ."

"ಸಂಡಾಸದಿಂದ ಇದು ಹತ್ತಂಗಿಲ್ಲ. ಗಂಡ-ಹೆಂಡತಿ ಕೂಡಿದಾಗ, ಮೈಗೆ ಮೈ ತಾಗಿ ಹತ್ತತದ. ಇಬ್ಬರೂ ದವಾಖಾನಿಗೆ ಬರ್ರಿ."

ಸಂಜೆ ಇಂದ್ರಾಬಾಯಿ ಈ ಮಾತು ಹೇಳಿದಾಗ ಚಮನಸಾಬ ಕೆರಳಿದ. "ಗುಪ್ತರೋಗದ ದವಾಖಾನಿಗೆ ನಾನು? ಮಂದಿಗೆ ಹೆಂಗ ಮುಖ ತೋರಿಸಲಿ? ಇಕಿ ಏನು ಮಾಡ್ಯಾಳೋ, ಇಕಿನ್ನ ಕೇಳ್ರಿ!"

ಗೌಹರಳಿಗೆ ಹುಣ್ಣಿಗಿಂತ ಆ ಮಾತು ಹೆಚ್ಚು ಉರಿಯಿತು.

"ತಪ್ಪು ಯಾರದು ಅನ್ನೂದು ಬಿಡ್ರಿ ಅಣ್ಣಾ," ಎಂದಳು ಇಂದ್ರಾಬಾಯಿ. "ಹೊಟ್ಟಿಯಾಗ ಕೂಸು ಅದ."

ಆ ಮಾತಿಗೆ ಅವನು ದವಾಖಾನೆಗೆ ಬಂದ. ಡಾಕ್ಟರಮ್ಮ ಗೌಹರಳ ಹುಣ್ಣು ನೋಡಿ, ಅದರ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಬೇರೆ ಗುಪ್ತರೋಗ ಇದೆಯೇ ಎಂದು ಇಬ್ಬರ ರಕ್ತವನ್ನೂ ತೆಗೆಸಿದರು. ಇದು ಹರ್ಪಿಸ್, ಒಣಗಿದರೂ ಮೈಯೊಳಗೇ ಉಳಿಯುತ್ತದೆ, ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಏಳಬಹುದು, ಹುಣ್ಣು ಕಾಣದಿದ್ದಾಗಲೂ ಒಮ್ಮೊಮ್ಮೆ ಹರಡುತ್ತದೆ ಎಂದು ತಿಳಿಸಿದರು.

ಚಮನಸಾಬನ ತಲೆ ತಗ್ಗಿತು. "ಲಗ್ನಕ್ಕಿಂತ ಮೊದಲ ನನಗೂ ಹಿಂಗ ಗುಳ್ಳಿ ಎದ್ದಿದ್ವು. ತಾವ ಒಣಗಿದ್ವು. ಹೋತು ಅಂತ ತಿಳದಿದ್ದೆ." ಹೆಂಡತಿಯ ಕಡೆ ನೋಡಲು ಅವನಿಗೆ ಆಗಲಿಲ್ಲ. "ನಿನ್ನ ಮ್ಯಾಲೆ ಹಾಕಿದೆ, ಗೌಹರ. ಮಾಫ್ ಮಾಡು."

ಗೌಹರ ಡಾಕ್ಟರನ್ನು ಕೇಳಿದಳು: "ನನ್ನ ಕೂಸಿಗೆ?"

ಹೆರಿಗೆಯ ಹೊತ್ತಿಗೆ ಹುಣ್ಣಿದ್ದರೆ ಕೂಸಿನ ಜೀವಕ್ಕೇ ಅಪಾಯ, ಮೊದಲೇ ಹೇಳಿದರೆ ಆಪರೇಷನ್ ಮಾಡಿ ಉಳಿಸಲು ನೋಡಬಹುದು ಎಂದರು ಅವರು.

ನೋವು ಶುರುವಾದ ದಿನ ಹುಣ್ಣು ಮತ್ತೆ ಎದ್ದಿತ್ತು. ಹೆರಿಗೆ ವಾರ್ಡಿನಲ್ಲಿ ಸುತ್ತಲೂ ಹೆಂಗಸರು. ಆದರೂ ಗೌಹರ ಅಲ್ಲಿನ ನರ್ಸಿಗೆ ಎಲ್ಲರೆದುರೇ ಹೇಳಿದಳು: "ಬಾಯೀ, ನನಗ ಹರ್ಪಿಸ್ ಅದ. ಹುಣ್ಣು ಎದ್ದಾವ." ಕೂಡಲೇ ಆಪರೇಷನ್ ಆಯಿತು. ಹೆಣ್ಣು ಕೂಸು ಗಟ್ಟಿಯಾಗಿ ಅತ್ತಿತು.

ಓದುವ ಅಣ್ಣ, ಅಕ್ಕ, ನಿಮಗೂ ಇಂಥ ಹುಣ್ಣು ಎದ್ದಿದೆಯೇ? ಒಣಗುವ ಮೊದಲೇ ಡಾಕ್ಟರಿಗೆ ತೋರಿಸಿ. ಹುಣ್ಣಿರುವಾಗ ಕೂಡಬೇಡಿ, ಉಳಿದ ದಿನ ನಿರೋಧ್ ಕಾಂಡೋಮ್ ಬಳಸಿ, ಅದರಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಜೊತೆಗಾರರಿಗೆ ತಿಳಿಸಿ, ದೂರಬೇಡಿ. ನಾಚಿಕೆ ಆಗುತ್ತದೆ, ನಿಜ. ಆದರೂ ಬಾಯಿಬಿಟ್ಟು ಹೇಳಿ.