ತುಂಗಾ ಬರೆದ ನಡಾವಳಿ

ತುಂಗಾ ಹೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ, ಮೂವತ್ತು ವರ್ಷ ಅವಳ ಪಕ್ಕದ ಮನೆಯಲ್ಲಿದ್ದು ತಲುಪಿದ ತೀರ್ಮಾನ ಇದು. ತರಕಾರಿಯವನು ಕೊಳೆತ ಟೊಮೆಟೊ ಹಾಕಿಕೊಟ್ಟರೆ ಮನೆಗೆ ತಂದು ಬಿಸಾಡುತ್ತಾಳೆಯೇ ಹೊರತು ಹಿಂದಿರುಗಿಸುವುದಿಲ್ಲ. ರಸ್ತೆಯ ಅಂಚಿಗೆ ಎಷ್ಟು ಒತ್ತಿಕೊಂಡು ನಡೆಯುತ್ತಾಳೆಂದರೆ, ಬೇಸಿಗೆಯಲ್ಲೂ ಬಿಚ್ಚದ ಅವಳ ಬೂದುಬಣ್ಣದ ಸ್ವೆಟರಿನ ಎಡತೋಳಿಗೆ ಯಾವಾಗಲೂ ಯಾರದೋ ಕಾಂಪೌಂಡಿನ ಸುಣ್ಣ ಮೆತ್ತಿರುತ್ತದೆ. ಏನು ಕೇಳಿದರೂ ಉತ್ತರದ ಬಾಲಕ್ಕೆ ‘ಅಂತ ಅನ್ಸತ್ತೆ, ನಂಗೊತ್ತಿಲ್ಲಪ್ಪ’ ಎಂದು ಸೇರಿಸುತ್ತಾಳೆ. ತನ್ನ ವಯಸ್ಸು ಹೇಳುವಾಗಲೂ.

ಇಂಥವಳು ಊರಂಚಿನ ಸಿಂಗಾಪುರವೆಂಬ ಹಳ್ಳಿಯ ಪಕ್ಕದ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಸರ್ಕಾರಿ ಕಚೇರಿಯಲ್ಲಿ ಸ್ಟೆನೋ ಆಗಿ ನಿವೃತ್ತಳಾದವಳು, ಸಭೆಯಲ್ಲಿ ಯಾರು ಏನು ಆಡಿದರೂ ಒಂದಕ್ಷರ ಬಿಡದೆ ಶೀಘ್ರಲಿಪಿಯಲ್ಲಿ ಹಿಡಿಯುತ್ತಾಳೆ. ಆಮೇಲೆ ಮನೆಯಲ್ಲಿ ಕೂತು, ಆಡಿದ್ದನ್ನೆಲ್ಲ ಅಳಿಸಿ, ಆಡಬೇಕಾಗಿದ್ದನ್ನು ಮುತ್ತಿನಂಥ ಅಕ್ಷರಗಳಲ್ಲಿ ನಡಾವಳಿ ಪುಸ್ತಕಕ್ಕೆ ಇಳಿಸುತ್ತಾಳೆ. ಒಮ್ಮೆ ಕಾರು ನಿಲ್ಲಿಸುವ ಜಾಗಕ್ಕಾಗಿ ಅಧ್ಯಕ್ಷ ಜಯಸಿಂಹ ಮತ್ತು ಬಿಲ್ಡರ್ ಯಶವಂತ್ ಪರಸ್ಪರ ಕೊರಳಪಟ್ಟಿ ಹಿಡಿದರು. ನಡಾವಳಿಯಲ್ಲಿ ಅದು, ‘ವಾಹನ ನಿಲುಗಡೆಯ ಚರ್ಚೆಯಲ್ಲಿ ಸದಸ್ಯರು ಆಸಕ್ತಿಯಿಂದ ಪಾಲ್ಗೊಂಡರು’ ಎಂದಾಯಿತು.

“ಏನೇ ಇದು, ಇಷ್ಟು ಸುಳ್ಳು?” ಎಂದೆ.

“ಸುಳ್ಳಲ್ಲ ಕಣೇ, ಇಸ್ತ್ರಿ ಹಾಕಿದೀನಿ ಅಷ್ಟೆ.”

ಕಳೆದ ವರ್ಷ ಪಟಾಲಮ್ಮನ ಮನೆಯ ಮಹಡಿಗೆ ಚಿಮ್ವೆಮ್ವೆ ಎಂಬ ಹುಡುಗಿ ಬಾಡಿಗೆಗೆ ಬಂದಳು. ಮಲಾವಿ ದೇಶದವಳು, ಇಲ್ಲೇ ಹತ್ತಿರದ ಕಾಲೇಜೊಂದರಲ್ಲಿ ಮೂರನೇ ವರ್ಷದ ಫಾರ್ಮಸಿ ಓದುತ್ತಿದ್ದಳು, ಕನ್ನಡವನ್ನೂ ಅಷ್ಟಿಷ್ಟು ಕಲಿತಿದ್ದಳು. ಪಟಾಲಮ್ಮ ಸಿಂಗಾಪುರದ ಹಳೆಯ ಒಕ್ಕಲು. ನಮ್ಮ ಮನೆಗಳೆಲ್ಲ ಎದ್ದಿರುವುದು ಅವಳ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಎರಡು ತಿಂಗಳಿಗೆ ಸಂಘದ ಸಭೆಯಲ್ಲಿ ಹುಡುಗಿಯ ವಿಷಯ ಬಂತು.

“ಭಾನುವಾರ ಅವರ ಜನ ಸೇರ್ತಾರೆ, ಹಾಡ್ತಾರೆ. ಮಕ್ಕಳು ಹೆದ್ರುಕೊಳ್ತಾವೆ ಕಣ್ರೀ,” ಎಂದರು ಜಯಸಿಂಹ.

“ಯಾವ್ ಮಗೀಗೆ ಎದ್ರಿಕೆ, ಎಸ್ರೇಳಿ,” ಎಂದಳು ಪಟಾಲಮ್ಮ. “ನನ್ ಮೊಮ್ಮಗ ಆ ಉಡ್ಗಿ ತೊಡೆ ಮ್ಯಾಲೇ ನಿದ್ದೆ ಮಾಡ್ತದೆ.”

“ಬಿಡಕ್ಕ, ನಿಮ್ ಬಿಲ್ಡಿಂಗ್‌ಗೆ ದೃಷ್ಟಿಬೊಂಬೆ ಖರ್ಚು ಉಳೀತು!” ಎಂದ ಯಶವಂತ್.

ಕಟ್ಟುತ್ತಿರುವ ಮನೆಗಳ ಮುಂದೆ ತೂಗುವ ಆ ಕಪ್ಪು ಮುಖ, ಚಾಚಿದ ಕೆಂಪು ನಾಲಿಗೆ ಎಲ್ಲರ ಕಣ್ಣಮುಂದೆ ಬಂದಿರಬೇಕು, ಕೋಣೆಯೇ ನಕ್ಕಿತು. ಯಶವಂತನದೂ ಡಿಕಾಕ್ಷನ್ ಬಣ್ಣವೇ ಎಂಬುದು ಅವನಿಗೂ ಹೊಳೆಯಲಿಲ್ಲ.

ನಾನು ನಗಲಿಲ್ಲ. ವಿದ್ಯಾವಂತೆಯಾದ್ದರಿಂದ ಮಾತಾಡಿದೆ. “ಇದರಲ್ಲಿ ದ್ವೇಷವೇನೂ ಇಲ್ಲ. ಅವರ ಜೀವನಕ್ರಮ ಬೇರೆ, ನಮ್ಮದು ಬೇರೆ. ಬೇರೆಬೇರೆಯಾಗಿ ಇದ್ದರೆ ಇಬ್ಬರಿಗೂ ಗೌರವ.” ಎಲ್ಲರೂ ನಿರಾಳವಾಗಿ ತಲೆಯಾಡಿಸಿದರು. ತಿಂಗಳೊಳಗೆ ಮನೆ ಖಾಲಿ ಮಾಡಿಸಬೇಕೆಂದು ಪಟಾಲಮ್ಮನಿಗೆ ಪತ್ರ ಕೊಡುವುದೆಂದು ತೀರ್ಮಾನವಾಯಿತು. ಬೀದಿಗೆಲ್ಲ ನೀರು ಕೊಡುವ ಬೋರ್‌ವೆಲ್ ಸಂಘದ ಕೈಯಲ್ಲಿದೆ. ಪತ್ರ ಹೋದರೆ ಅವಳು ಮೀರುವಂತಿರಲಿಲ್ಲ. ಆದರೆ ಮುಂದಿನ ಸಭೆಯಲ್ಲಿ ನಡಾವಳಿಯನ್ನು ಓದಿ, ಸದಸ್ಯರು ಸಹಿ ಹಾಕಿದ ಮೇಲಷ್ಟೇ ಯಾವ ಪತ್ರವಾದರೂ ಹೊರಡುವುದು ನಮ್ಮ ಸಂಘದ ನಿಯಮ.

ನಾಲ್ಕು ದಿನದ ಮೇಲೆ ನಾನು ತುಂಗಾಳ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಚಿಮ್ವೆಮ್ವೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

“ಆಂಟಿ, ಮೀಟಿಂಗ್ ಬುಕ್ ನೀವು ಬರೀತೀರಂತೆ. ನನ್ನ ಬಗ್ಗೆ ಏನು ಬರ್ದಿದೀರಾ?”

ಕರಡು ಮೇಜಿನ ಮೇಲೇ ಇತ್ತು. ತುಂಗಾ ಸ್ವೆಟರಿನ ಗುಂಡಿ ತಿರುವುತ್ತ ಓದಿದಳು: “ಬಾಡಿಗೆದಾರರ ವಿಷಯವಾಗಿ ಸೌಹಾರ್ದಯುತ ಚರ್ಚೆ ನಡೆಯಿತು. ಯಾರ ಬಗೆಗೂ ದ್ವೇಷವಿಲ್ಲವೆಂದು ಸದಸ್ಯರು ಸ್ಪಷ್ಟಪಡಿಸಿದರು.” ಅರ್ಥವಾಗದ ಪದಗಳನ್ನು ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ.

“ಯಾರಿಗೂ ಕೋಪ ಇಲ್ಲ,” ಎಂದಳು ಹುಡುಗಿ. “ಹಾಗಾದ್ರೆ ನಾನು ಮನೆ ಯಾಕೆ ಬಿಡ್ಬೇಕು?” ಚುಚ್ಚಲು ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದ್ದು. “ಬಸ್ಸಲ್ಲಿ ನಿಂತುಕೊಂಡೇ ಹೋಗ್ತಾರೆ, ನನ್ನ ಪಕ್ಕ ಸೀಟ್ ಖಾಲಿ. ಕೋಪ ಇಲ್ಲ. ಆಟೋ ನಿಲ್ಸಲ್ಲ. ಕೋಪ ಇಲ್ಲ. ಕೋಪ ಯಾರಿಗೆ ಆಂಟಿ?”

“ನಂಗೊತ್ತಿಲ್ಲಮ್ಮ,” ಎಂದಳು ತುಂಗಾ.

ನಾನು ಲೋಟದ ತಳ ನೋಡುತ್ತಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಪಾಠ ಬಂದಾಗ, ‘ದ್ವೇಷವಿಲ್ಲ, ಬೇರೆಬೇರೆಯಾಗಿರೋಣ’ ಎಂದವರ ನಯವನ್ನು ಎಳೆಯೆಳೆಯಾಗಿ ಬಿಡಿಸಿ ತೋರಿಸಿ, ಮಕ್ಕಳು ಬೆರಗಾಗುವುದನ್ನು ಕಂಡು ಹಿಗ್ಗಿದವಳು. ಅದೇ ವಾಕ್ಯ ನನ್ನ ಬಾಯಿಂದ ಬಂದಿತ್ತು. ಬಂದಾಗ ಅದು ನನಗೆ ಬಹಳ ಸಭ್ಯವಾಗಿಯೇ ಕೇಳಿಸಿತ್ತು. ಇಷ್ಟಾದರೂ ಹುಡುಗಿ ಹೋದಮೇಲೆ ನಾನು ತುಂಗಾಳಿಗೆ ಹೇಳಿದ್ದು, “ಬರೆದದ್ದು ಹಾಗೇ ಇರಲಿ ಬಿಡು,” ಎಂದು. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಸಭೆಯಲ್ಲಿ ಜಯಸಿಂಹ, “ಓದಿ ಮೇಡಂ, ಬೇಗ ಮುಗ್ಸೋಣ,” ಎಂದರು. ತುಂಗಾ ಎದ್ದು ನಿಂತು, ಪಡಿತರದ ಪಟ್ಟಿ ಓದುವವಳಂತೆ ಸಣ್ಣ ದನಿಯಲ್ಲಿ ಶುರುಮಾಡಿದಳು. ಭಾನುವಾರದ ಹಾಡು ಬಂತು, ಹೆದರುವ ಮಕ್ಕಳು ಬಂದರು. “ಮನೆ ನಂಬರ್ ಹನ್ನೆರಡು: ಬಿಡಕ್ಕ, ನಿಮ್ ಬಿಲ್ಡಿಂಗ್‌ಗೆ ದೃಷ್ಟಿಬೊಂಬೆ ಖರ್ಚು ಉಳೀತು. ಸಭೆ ನಕ್ಕಿತು.”

“ಅಯ್ಯೋ, ಅದು ತಮಾಷೆಗೆ ಅಂದಿದ್ದು ಮೇಡಂ!” ಎಂದು ಯಶವಂತ್ ಅರ್ಧ ಎದ್ದ. “ಅದನ್ನೆಲ್ಲ ಬರೀತಾರಾ?”

“ನೀವು ಅಂದ್ರಿ ಅಂತ ಅನ್ಸತ್ತೆ. ಶಾರ್ಟ್‌ಹ್ಯಾಂಡಲ್ಲಿ ಹಾಗೇ ಇದೆ.”

ಆಮೇಲೆ ಮನೆ ನಂಬರ್ ನಲವತ್ತೊಂದು, ಅಂದರೆ ನಾನು. ನನ್ನ ಮೂರು ವಾಕ್ಯಗಳನ್ನೂ ಅವಳು ಒಂದು ಅಲ್ಪವಿರಾಮವನ್ನೂ ಬಿಡದೆ ಓದಿದಳು. ಯಶವಂತನ ಮಾತಿಗಿಂತ ಅವು ಹೊಲಸಾಗಿ ಕೇಳಿಸಿದವು.

ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಜಯಸಿಂಹ ಕನ್ನಡಕ ಒರೆಸಿಕೊಂಡರು. “ಇದಕ್ಕೆ ಸಹಿ ಹಾಕಿದ್ರೆ ನಾಳೆ ಯಾರಾದ್ರೂ ಓದ್ತಾರಲ್ರೀ?”

“ಹಾಕದಿದ್ರೆ ಪತ್ರ ಹೋಗಲ್ಲ ಸರ್.”

“ಆಕ್ರಪ್ಪ ಸೈನು,” ಎಂದಳು ಪಟಾಲಮ್ಮ. “ಅವತ್ತು ಆಡೋವಾಗ ಬಾಯಿ ಸಲೀಸಾಗಿತ್ತು, ಇವತ್ತು ಕೈಗೇನಾಯ್ತು?”

ಯಾರೂ ಮುಂದೆ ಬರಲಿಲ್ಲ. ನಾನೂ ಬರಲಿಲ್ಲ. ಪತ್ರ ಹೋಗಲಿಲ್ಲ.

ತುಂಗಾಳಂಥವರು ನಮ್ಮ ಎಲ್ಲ ಬೀದಿಗಳಲ್ಲೂ ಇದ್ದಾರೆ. ಜಗಳವಾಗಬಾರದು, ಯಾರಿಗೂ ನೋಯಬಾರದು ಎಂದು ನಮ್ಮ ಮಾತುಗಳ ಕೊಳೆಯನ್ನು ನಮಗೇ ಕಾಣದಂತೆ ಮಡಿಸಿಡುವ ಮೆತ್ತನೆಯ ಜನ. ಅವರನ್ನು ಹೇಡಿಗಳೆಂದು ಕರೆಯುವುದು ನಮಗೆ ಅನುಕೂಲ. ಅವರು ಮಡಿಸಿಟ್ಟದ್ದರ ಮೇಲೆಯೇ ನಮ್ಮಂಥ ಧೈರ್ಯವಂತರು ಮರ್ಯಾದಸ್ಥರಾಗಿ ಕೂತಿರುತ್ತೇವೆ.

ಜನ ಕುರ್ಚಿ ಸರಿಸಿ ಏಳತೊಡಗಿದ್ದರು. ತುಂಗಾ ಮಾತ್ರ ಪುಸ್ತಕದ ಮೇಲೆ ಬಾಗಿ ನಿಂತಿದ್ದಳು. ಎಲ್ಲೋ ಒಂದು ತಪ್ಪು ಕಂಡವಳಂತೆ ಪೆನ್ನು ತೆಗೆದು, ‘ಸಭೆ ನಕ್ಕಿತು’ ಎಂಬುದರ ಮುಂದೆ ಚಿಕ್ಕ ಅಕ್ಷರಗಳಲ್ಲಿ, ‘ಕಾರ್ಯದರ್ಶಿಯೂ ನಕ್ಕರು’ ಎಂದು ಸೇರಿಸಿದಳು. ತಿದ್ದುಪಡಿಯ ಪಕ್ಕದಲ್ಲಿ, ಕಚೇರಿಯ ಪದ್ಧತಿಯಂತೆ, ತನ್ನ ಸಹಿ ಹಾಕಿದಳು.