ಮೂಲೆ ಅಂಗಡಿಯ ಭಾನುವಾರ

ಎಲ್ಲರನ್ನೂ ವ್ಯಾನಿಗೆ ಹತ್ತಿಸಿದ ಅಳಿಯ, ಬಾಗಿಲು ಎಳೆಯುವ ಮುಂಚೆ ತಲೆ ಒಳಗೆ ಹಾಕಿ, ತಿಂಡಿಗೆ ಎಲ್ಲಿಗೆ ಹೋಗೋಣ ಎಂದು ಕೇಳಿದ. ಸ್ಮಶಾನದ ಗೇಟಿನ ಮುಂದೆ ನಿಂತು ಕೇಳುವ ಮಾತಲ್ಲ ಅದು. ಆದರೆ ಬೆಳಗಿನಿಂದ ಯಾರ ಬಾಯಿಗೂ ಒಂದು ತೊಟ್ಟು ನೀರು ಬಿದ್ದಿರಲಿಲ್ಲ. ದುಃಖದಲ್ಲಿರುವವರಿಗೂ ಹೊಟ್ಟೆ ಚುರುಗುಟ್ಟುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಅದೂ ಅಲ್ಲದೆ ಅಂದು ಭಾನುವಾರ.

ಹೋದವನು ಶಾಲಾ ಬಸ್ಸಿನ ಡ್ರೈವರ್. ವಾರವಿಡೀ ಬೆಳಕು ಹರಿಯುವ ಮೊದಲೇ ಎದ್ದು, ಊರಿನ ಮಕ್ಕಳನ್ನೆಲ್ಲ ಹೊತ್ತು ತಿರುಗಿ, ಡಿಪೋದಲ್ಲಿ ನಿಂತುಕೊಂಡೇ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಭಾನುವಾರ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ತಿಂಡಿಗೆ ಹೊರಗೆ ಹೋಗುತ್ತಿದ್ದ. ಅವರಿಬ್ಬರೂ ಬೀದಿ ದಾಟುವುದನ್ನು ನೋಡಿ, ಓ ಇವತ್ತು ಭಾನುವಾರ ಎಂದು ನೆನಪು ಮಾಡಿಕೊಳ್ಳುವ ಜನ ಬಡಾವಣೆಯಲ್ಲಿದ್ದರು.

ಸಿಗ್ನಲ್ ಪಕ್ಕ ಹೊಸದಾಗಿ ತೆರೆದಿರುವ ಗಾಜಿನ ಬಾಗಿಲಿನ ಹೋಟೆಲ್ಲು ಚೆನ್ನಾಗಿದೆಯಂತೆ, ಬ್ರೆಡ್ಡು ಎದುರಿಗೇ ಬೇಯಿಸಿ ಕೊಡುತ್ತಾರಂತೆ ಎಂದು ಅಳಿಯನೇ ಶುರು ಮಾಡಿದ. ಇಷ್ಟು ಜನ ಒಟ್ಟಿಗೆ ನುಗ್ಗಿದರೆ ಅಲ್ಲಿ ಮಧ್ಯಾಹ್ನದವರೆಗೂ ಕಾಯಿಸುತ್ತಾರೆ, ಅದಕ್ಕಿಂತ ಮಾರುಕಟ್ಟೆ ಹಿಂದಿನ ಕ್ಯಾಂಟೀನೇ ವಾಸಿ ಎಂದು ಇನ್ನೊಬ್ಬರು ಅಂದರು. ಅಲ್ಲಿ ಕೂರಲು ಜಾಗವಿಲ್ಲ ಎಂದು ಮತ್ತೊಬ್ಬರು. ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತಿದ್ದ ಮಗಳು ಮೂಗೊರೆಸಿಕೊಂಡು, ಬೇರೆ ಎಲ್ಲಿಗೂ ಬೇಡ, ಅಪ್ಪನಿಗೆ ಪ್ರಾಣವಾಗಿದ್ದ ಮೂಲೆ ಅಂಗಡಿಗೇ ಹೋಗೋಣ ಎಂದಳು.

ಹಿಂದಿನ ಸೀಟಿನಲ್ಲಿ ಡಿಪೋದ ಮೆಕ್ಯಾನಿಕ್ ಕೂತಿದ್ದ. ಡ್ರೈವರನ ಹಳೆಯ ಗೆಳೆಯ. ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ಅವನಲ್ಲಿ ಹೆಚ್ಚು ಹೊತ್ತು ಬೇಕಿರಲಿಲ್ಲ.

"ಅವನಿಗಾ? ಬಿಡಮ್ಮ. ಆ ಅಂಗಡಿ ತಿಂಡಿ ಅವನ ಗಂಟಲಲ್ಲಿ ಇಳೀತಿರಲಿಲ್ಲ. ಸೋಮವಾರ ಬಂದ್ರೆ ನನ್ನ ಹತ್ರ ಅದೇ ಗೋಳು. ಮತ್ಯಾಕೆ ಹೋಗ್ತೀಯೋ ಅಂದ್ರೆ, ಅವಳಿಗೆ ಇಷ್ಟ ಕಣೋ ಅಂತಿದ್ದ."

ಮುಂದಿನ ಸೀಟಿನಲ್ಲಿದ್ದ ಡ್ರೈವರನ ಹೆಂಡತಿ ನಿಧಾನವಾಗಿ ಹಿಂದೆ ತಿರುಗಿದಳು.

"ನಂಗೆ ಯಾವತ್ತು ಇಷ್ಟ ಇತ್ತು?" ಎಂದಳು. "ಅವರಿಗಿಷ್ಟ ಅಂತ ನಾನು ಹೋಗ್ತಿದ್ದೆ."

ಮಗಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ತಾಯಿಯ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ವ್ಯಾನು ಹೊರಟಿತು.

*

ಗಂಡಹೆಂಡತಿ ಬಡಾವಣೆಗೆ ಬಂದ ಮೊದಲ ಭಾನುವಾರ ಪಾತ್ರೆಪಡಗ ಇನ್ನೂ ಗೋಣಿಚೀಲದಲ್ಲೇ ಇತ್ತು, ಒಲೆ ಹೊತ್ತಿಸುವ ಹಾಗಿರಲಿಲ್ಲ. ಇಬ್ಬರೂ ಕೆಳಗಿಳಿದು ಬೀದಿಯುದ್ದಕ್ಕೂ ನಡೆದರು. ಬಾಗಿಲು ತೆರೆದಿದ್ದದ್ದು ಮೂಲೆ ಅಂಗಡಿ ಒಂದೇ. ಅದರ ಯಜಮಾನ ಅಷ್ಟು ಚಿಕ್ಕ ವಯಸ್ಸಿಗೇ ಮುಖ ಗಂಟು ಹಾಕಿಕೊಂಡು ನಿಲ್ಲುತ್ತಿದ್ದ. ಆಕೆ ಅವತ್ತೇ ಅವನಿಗೆ ಗಂಟುಮೋರೆ ಎಂದು ಹೆಸರಿಟ್ಟಳು. ಆ ಹೆಸರು ಕೊನೆಯವರೆಗೂ ಗಂಡಹೆಂಡಿರ ನಡುವೆ ಉಳಿಯಿತು.

ಗಂಟುಮೋರೆ ತಂದಿಟ್ಟ ಆಮ್ಲೆಟ್ಟಿನ ಅಂಚು ಕರಕಲು, ನಡುವೆ ಹಸಿ. ಬ್ರೆಡ್ಡು ಮುರಿಯಲು ಎರಡೂ ಕೈ ಬೇಕಿತ್ತು. ಚಹಾ ಶುದ್ಧ ಕಲಗಚ್ಚು. ಚೆನ್ನಾಗಿದೆಯಾ ಎಂದು ಗಂಡ ಕೇಳಿದ. ಮದುವೆಯಾಗಿ ಇನ್ನೂ ಹೊಸತು. ಮೊದಲ ಸಲ ಹೊರಗೆ ಕರೆದುಕೊಂಡು ಬಂದ ಗಂಡನ ಮುಂದೆ ಮೂತಿ ತಿರುವುವುದು ಹೇಗೆ? ಚೆನ್ನಾಗಿದೆ ಎಂದಳು. ಆಡಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ, ತಟ್ಟೆ ಖಾಲಿ ಮಾಡಿದಳು. ಅದನ್ನು ನೋಡಿ ಆತನೂ ಖಾಲಿ ಮಾಡಿದ. ಆತ ಖಾಲಿ ಮಾಡಿದ್ದನ್ನು ಆಕೆ ನೋಡಿದಳು. ಅಲ್ಲಿಗೆ ಇಬ್ಬರ ಹಣೆಬರಹವೂ ಬರೆದು ಮುಗಿಯಿತು.

ಮುಂದಿನ ವಾರ ಮತ್ತೆ ಅಲ್ಲಿಗೇ. ಮಗಳು ಹುಟ್ಟಿದ ಮೇಲೂ, ಮಗಳು ಮದುವೆಯಾಗಿ ಹೋದ ಮೇಲೂ ಅಲ್ಲಿಗೇ. ಆಮ್ಲೆಟ್ಟು ಒಂದು ದಿನಕ್ಕೂ ಸುಧಾರಿಸಲಿಲ್ಲ.

ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ, ಏನು ಬಂದರೂ ಇಲ್ಲವೆನ್ನುತ್ತಿರಲಿಲ್ಲ. ವಾರವಿಡೀ ತುಟಿಗಳ ನಡುವೆ ಗುಂಡುಸೂಜಿ ಸಿಕ್ಕಿಸಿಕೊಂಡಿರುತ್ತಿದ್ದಳು. ಗಂಡ ಏನು ಕೇಳಿದರೂ ಉತ್ತರ 'ಹೂಂ' ಅಥವಾ 'ಊಹೂಂ'. ಮೂಲೆ ಅಂಗಡಿಯಲ್ಲಿ ಮಾತ್ರ ಸೂಜಿಯಿಲ್ಲ, ಕೈಯಲ್ಲಿ ಕೆಲಸವಿಲ್ಲ. ಅಲ್ಲಿ ಆಕೆ ಬಾಯಿ ತೆರೆದರೆ ವಾರದ್ದೆಲ್ಲ ಹೊರಗೆ ಬರಬೇಕು: ಯಾರು ಸೊಂಟದ ಅಳತೆ ಕೊಡುವಾಗ ಉಸಿರು ಬಿಗಿಹಿಡಿದರು, ಯಾರು ಪರದೆ ಗಿಡ್ಡವಾಯಿತೆಂದು ಜಗಳಕ್ಕೆ ಬಂದು ಕೊನೆಗೆ ಕಿಟಕಿಯನ್ನೇ ತಪ್ಪಾಗಿ ಅಳೆದದ್ದೆಂದು ಒಪ್ಪಿಕೊಂಡರು. ಮಾತಾಡುತ್ತಿದ್ದರೆ ತಿಂಡಿಯ ರುಚಿ ಗೊತ್ತಾಗುವುದಿಲ್ಲ ಎಂಬ ಅನುಕೂಲವೂ ಇತ್ತು. ಆತ ಸುಟ್ಟ ಬ್ರೆಡ್ಡು ಜಗಿಯುತ್ತ, ನಡುನಡುವೆ "ಆಮೇಲೆ?" ಎನ್ನುತ್ತಿದ್ದ.

*

ವ್ಯಾನು ಮಾರುಕಟ್ಟೆಯ ತಿರುವು ದಾಟುವ ಹೊತ್ತಿಗೆ ಆಕೆಯ ತಲೆಗೆ ಇನ್ನೊಂದು ಯೋಚನೆ ಹೊಕ್ಕಿತು. ತಿಂಡಿಯ ವಿಷಯ ಹಾಳಾಗಲಿ. ಆತ ಚೆನ್ನಾಗಿದೆ ಎಂದದ್ದು ಅದೊಂದಕ್ಕೇ ಅಲ್ಲವಲ್ಲ. ಆಕೆ ಮೊದಲು ಹೊಲಿದ ಅಂಗಿಯ ಕಾಲರು ಒಂದು ಕಡೆ ಉದ್ದವಾಗಿತ್ತು, ಅದನ್ನೂ ಚೆನ್ನಾಗಿದೆ ಎಂದು ಹರಿಯುವವರೆಗೂ ತೊಟ್ಟ. ಉಪ್ಪಿಲ್ಲದ ಸಾರಿಗೂ ಚೆನ್ನಾಗಿದೆ, ಆಕೆ ಆರಿಸಿದ ಗೋಡೆಯ ಬಣ್ಣಕ್ಕೂ ಚೆನ್ನಾಗಿದೆ. ವಯಸ್ಸಾದ ಮೇಲೆ ಒಮ್ಮೆ, ನನ್ನ ಜೊತೆ ಬಾಳಿದ್ದು ಹೇಗನಿಸಿತು ಎಂದು ತಮಾಷೆಗೆ ಕೇಳಿದ್ದಳು. ಅದಕ್ಕೂ ಆತ ಅದೇ ಮಾತು ಹೇಳಿದ್ದ. ಹಾಗಾದರೆ ತನ್ನನ್ನೂ ಆ ಬ್ರೆಡ್ಡಿನ ಹಾಗೆ ಜಗಿದು ನುಂಗಿಕೊಂಡಿದ್ದನೇ? ಕೇಳೋಣವೆಂದರೆ ಇನ್ನು ಆತನಿಲ್ಲ.

"ನನ್ನ ಬಗ್ಗೆ ನಿಮ್ಮ ಹತ್ರ ಏನಂತಿದ್ರು?" ಎಂದು ಮೆಕ್ಯಾನಿಕ್‌ನನ್ನು ಕೇಳಿದಳು.

ಒಮ್ಮೆ ಆಡಿ ಕೆಟ್ಟ ಮೆಕ್ಯಾನಿಕ್ ಈಗ ಮೈಯೆಲ್ಲ ಎಚ್ಚರವಾಗಿದ್ದ. "ಏನಿಲ್ಲ ಅತ್ತಿಗೆ. ಅವನು ಮಾತು ಕಮ್ಮಿ, ನಿಮಗೇ ಗೊತ್ತಲ್ಲ," ಎಂದು ಕಿಟಕಿಯ ಕಡೆ ತಿರುಗಿಕೊಂಡ. ಆಕೆಗೆ ಇದ್ದಬದ್ದ ಧೈರ್ಯವೂ ಹೋಯಿತು. ಅಳಿಯ ಮತ್ತೆ ಗಾಜಿನ ಬಾಗಿಲಿನ ಹೋಟೆಲ್ಲಿನ ಮಾತೆತ್ತಿದ. ಆಕೆ ತಲೆಯಾಡಿಸಿ, ಮೂಲೆ ಅಂಗಡಿಗೇ ನಡೀರಿ ಎಂದಳು. ಮಗಳು ಬೇಡಮ್ಮ ಎಂದರೂ ಕೇಳಲಿಲ್ಲ.

ಗಂಟುಮೋರೆಯೂ ಸ್ಮಶಾನಕ್ಕೆ ಬಂದಿದ್ದ. ದೂರದ ಮರದಡಿ ನಿಂತಿದ್ದು, ಯಾರಿಗೂ ಹೇಳದೆ ಬೇಗ ಹೊರಟು ಬಂದು ಅಂಗಡಿ ತೆರೆದಿದ್ದ. ಈಗ ಅವನಿಗೂ ಕೂದಲು ಪೂರ್ತಿ ನೆರೆತಿತ್ತು, ಒಂದು ಮಂಡಿ ಮಡಚುತ್ತಿರಲಿಲ್ಲ. ಯಾರನ್ನೂ ಏನು ಬೇಕೆಂದು ಕೇಳದೆ ಎಲ್ಲರ ಮುಂದೂ ತಟ್ಟೆ ತಂದಿಟ್ಟ. ಅಳಿಯ ಒಂದು ತುತ್ತು ಬಾಯಿಗಿಟ್ಟು ತನ್ನ ಹೆಂಡತಿಯ ಮುಖ ನೋಡಿದ. ಮೆಕ್ಯಾನಿಕ್ ಚಹಾದ ಲೋಟವನ್ನು ಮೆಲ್ಲಗೆ ದೂರ ಸರಿಸಿದ.

ಆಕೆಯ ತಟ್ಟೆಯನ್ನು ಕೊನೆಗೆ ತಂದ ಗಂಟುಮೋರೆ, ಇಟ್ಟವನು ಅಲ್ಲೇ ನಿಂತ. ಮುಂದಿನ ವಾರದಿಂದ ಭಾನುವಾರ ಅಂಗಡಿ ಮುಚ್ಚುತ್ತೇನೆ ಎಂದ. ಮಂಡಿ ಕೈಕೊಟ್ಟು ಎಷ್ಟೋ ಕಾಲವಾಯಿತು, ಡಾಕ್ಟರು ಒಂದು ದಿನವಾದರೂ ನಿಲ್ಲಬೇಡ ಅಂದಿದ್ದರು, ನೀವಿಬ್ಬರು ಬರುತ್ತೀರಲ್ಲ ಎಂದು ತೆಗೆಯುತ್ತಿದ್ದೆ ಎಂದ. ಮಗಳು ಬಂದ ನಗುವನ್ನು ಅಡಗಿಸಲು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಲ್ಲಿಗೆ ಬೇಡದ ತಿಂಡಿಗಾಗಿ ಭಾನುವಾರ ಕಳೆದವರು ಮೂವರಾದರು.

ಆಕೆ ಮಾತ್ರ ನಗಲಿಲ್ಲ. "ಅವರು ನಿಮ್ಮ ಹತ್ರ ಯಾವತ್ತಾದ್ರೂ ಚೆನ್ನಾಗಿಲ್ಲ ಅಂದಿದ್ರಾ?" ಎಂದು ಕೇಳಿದಳು.

ಗಂಟುಮೋರೆಯ ಮುಖ ಇನ್ನಷ್ಟು ಬಿಗಿಯಿತು. ಹಳೆಯ ಗಾಯ ಅದು.

"ಅಂದಿದ್ರು. ಒಂದೇ ಸಲ. ನಿಮಗೆ ಜ್ವರ ಅಂತ ಅವತ್ತು ಒಬ್ರೇ ಬಂದಿದ್ರು. ಅರ್ಧ ತಿಂದು ತಟ್ಟೆ ತಳ್ಳಿದ್ರು. ಇವತ್ತು ಚೆನ್ನಾಗಿಲ್ಲ ಅಂದ್ರು. ಅದೇ ಬಾಣಲೆ, ಅದೇ ಎಣ್ಣೆ, ಮಾಡಿದವನೂ ನಾನೇ. ಅಷ್ಟು ವರ್ಷ ಚೆನ್ನಾಗಿದ್ದದ್ದಕ್ಕೆ ಅವತ್ತೊಂದು ದಿನ ಏನು ಬಂದಿತ್ತು, ನೀವೇ ಹೇಳಿ."

ಆಕೆಗೆ ಆ ದಿನ ನೆನಪಿತ್ತು. ನಿಮಗಿಷ್ಟ ಅಲ್ಲವಾ, ನನಗೋಸ್ಕರ ತಪ್ಪಿಸಬೇಡಿ ಎಂದು ಹಾಸಿಗೆಯಿಂದಲೇ ಒತ್ತಾಯಿಸಿ ಕಳಿಸಿದ್ದಳು. ಆತ ಹೋದಷ್ಟೇ ಬೇಗ ವಾಪಸು ಬಂದಿದ್ದ. ಹೇಗಿತ್ತು ಎಂದರೆ ಚೆನ್ನಾಗಿತ್ತು ಎಂದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದ.

"ನಾನು ಬರದೇ ಇದ್ದದ್ದು ಅವತ್ತೊಂದೇ ದಿನ ಅಲ್ವಾ?" ಎಂದಳು.

"ಹೂಂ. ಅದೊಂದೇ ದಿನ."

ಆಕೆ ಬ್ರೆಡ್ಡು ಮುರಿದು, ಆಮ್ಲೆಟ್ಟಿನ ಕರಕಲು ಅಂಚಿನ ಜೊತೆ ಬಾಯಿಗಿಟ್ಟಳು. ಮಾತಾಡದೆ, ನಿಧಾನವಾಗಿ ಜಗಿದಳು. ಮೇಜಿನ ಸುತ್ತ ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು.

"ಇವತ್ತೂ ಚೆನ್ನಾಗಿಲ್ಲ," ಎಂದಳು.

ಗಂಟುಮೋರೆ ತಟ್ಟೆ ತೆಗೆದುಕೊಳ್ಳಲು ಕೈ ಚಾಚಿದ. ಆಕೆ ಕೊಡಲಿಲ್ಲ. ಎಡಗೈಯಲ್ಲಿ ತಟ್ಟೆಯನ್ನು ತಬ್ಬಿದಂತೆ ಹತ್ತಿರಕ್ಕೆ ಎಳೆದುಕೊಂಡು, ಗಲ್ಲದಿಂದ ತೊಟ್ಟಿಕ್ಕುತ್ತಿದ್ದ ಕಣ್ಣೀರನ್ನೂ ಒರೆಸಿಕೊಳ್ಳದೆ, ಇನ್ನೊಂದು ತುಂಡು ಮುರಿದಳು.