ಕಿಟಕಿಯ ಬಲೆ

ಅಪಘಾತವಾದ ರೇಸ್ ಕಾರಿನಲ್ಲಿ ಚಾಲಕ ಒಳಗಿನಿಂದ ತಾನೇ ಕಿಟಕಿಯ ಬಲೆ ಬಿಚ್ಚಿ ಇಳಿಬಿಟ್ಟರೆ ಅವನ ಜೀವಕ್ಕೆ ಅಪಾಯವಿಲ್ಲ ಎಂದರ್ಥ. ಕ್ಯಾರೊಲೈನಾದ ಆ ಕೆಮ್ಮಣ್ಣಿನ ಟ್ರ್ಯಾಕಿನ ಪ್ರೇಕ್ಷಕರ ಮೆಟ್ಟಿಲ ಮೇಲೆ ಪ್ರತಿ ಭಾನುವಾರ ಕೂತು, ವರ್ನಾ ಗಂಡನ ಮುಖಕ್ಕಿಂತ ಹೆಚ್ಚಾಗಿ ಆ ಬಲೆಯನ್ನೇ ನೋಡಿದ್ದಳು.

ಪಕ್ಕದಲ್ಲಿ ರೋಡಾ. ಅವಳ ಗಂಡ ಡೆಲ್ಬರ್ಟ್‌ಗೂ ವರ್ನಾಳ ಕ್ಲೈಡ್‌ಗೂ ಟ್ರ್ಯಾಕಿನಲ್ಲಿ ಎಣ್ಣೆ ಸೀಗೆಕಾಯಿ.

"ಬ್ರೇಕ್ ಎಲ್ಲಿದೆ ಅಂತ ಕ್ಲೈಡ್‌ಗೆ ತೋರಿಸಿ ಕಳಿಸಿದೀಯ ತಾನೆ?" ರೋಡಾ ಕುಟುಕಿದಳು.

"ಮುಂದೆ ನಿನ್ನ ಗಂಡ ಇದ್ರೆ ಬ್ರೇಕ್ ಬೇಕೇ ಬೇಕಲ್ಲಮ್ಮ."

ನಗು ಮುಗಿಯುವ ಮೊದಲೇ ತಿರುವಿನಲ್ಲಿ ಕ್ಲೈಡ್‌ನ ಕಾರು ಗೋಡೆಗೆ ಬಡಿದು, ಗಿರಗಿರ ತಿರುಗಿ, ಅಡ್ಡಲಾಗಿ ನಿಂತಿತು. ಅವನು ಕೂತಿದ್ದ ಬದಿಯೇ ಹಿಂದಿನಿಂದ ಬರುವ ಕಾರುಗಳಿಗೆ ಎದುರು. ಆ ಧೂಳಿನಲ್ಲಿ ಯಾರಿಗೂ ಏನೂ ಕಾಣದು. ಬಲೆ ಇಳಿಯಲಿಲ್ಲ.

ಬೆನ್ನಿಗೇ ಇದ್ದ ಡೆಲ್ಬರ್ಟ್ ಪಕ್ಕಕ್ಕೆ ಸರಿದು ಹೋಗಿದ್ದರೆ ಪಂದ್ಯ ಅವನದೇ. ಅವನು ಹೋಗಲಿಲ್ಲ. ತನ್ನ ಕಾರನ್ನು ಕ್ಲೈಡ್‌ನ ಬಾಗಿಲಿಗೆ ಮರೆಯಾಗಿ ಅಡ್ಡ ನಿಲ್ಲಿಸಿದ. ಮರುಗಳಿಗೆಯಲ್ಲೇ ಧೂಳಿನೊಳಗಿಂದ ನುಗ್ಗಿದ ಇನ್ನೊಂದು ಕಾರು ಅವನಿಗೆ ಗುದ್ದಿ, ಅವನ ಕಾರನ್ನು ದೂರಕ್ಕೆ ತಳ್ಳಿತು.

ಎಂಜಿನ್‌ಗಳ ಸದ್ದಡಗಿತು. ಕ್ಲೈಡ್‌ನ ಬಲೆ ಕೆಳಗೆ ಬಿತ್ತು.

'ಸದ್ಯ, ನನ್ನವನಲ್ಲ' ಎಂದಿತು ವರ್ನಾಳ ಮನಸ್ಸು. ತನ್ನೊಳಗಿನ ಆ ಮಾತಿಗೆ ಅವಳಿಗೇ ನಾಚಿಕೆಯಾಯಿತು. ಡೆಲ್ಬರ್ಟ್‌ನ ಬಲೆ ಬಿಗಿದೇ ಇತ್ತು. ರೋಡಾಳ ಉಗುರುಗಳು ತನ್ನ ಅಂಗೈಯೊಳಗೆ ಇಳಿದಿರುವುದು ವರ್ನಾಗೆ ಆಗ ಗೊತ್ತಾಯಿತು.

"ಇಳಿಸ್ತಿಲ್ಲ ಕಣೆ," ರೋಡಾ ಪಿಸುಗುಟ್ಟಿದಳು. "ಯಾಕೆ ಇಳಿಸ್ತಿಲ್ಲ?"

ವರ್ನಾ ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಕ್ಲೈಡ್ ಹೊರಬಂದು, ಕುಂಟುತ್ತ ಹೋಗಿ ಡೆಲ್ಬರ್ಟ್‌ನ ಕಿಟಕಿಗೆ ಬಾಗಿದ. ಏನೋ ಅಂದ. ಬಲೆಯನ್ನು ಮಾತ್ರ ಮುಟ್ಟಲಿಲ್ಲ. ಆಂಬುಲೆನ್ಸ್ ಹತ್ತಿರವಾಗುತ್ತಿತ್ತು. ಎಳೆದುಬಿಡಬಾರದೇ ಇವನು, ಎಂದು ವರ್ನಾ ಹಲ್ಲು ಕಚ್ಚಿದಳು. ಆಮೇಲೆ ಒಳಗಿನಿಂದ ಬೆರಳುಗಳು ಆಡಿದವು. ಬಲೆ ಒಂದು ಮೂಲೆಯಿಂದ ಜಾರಿತು, ತಡೆಯಿತು, ಬಿತ್ತು.

ರೋಡಾ ಕೈ ಬಿಡಲೇ ಇಲ್ಲ.

ಸಂಜೆ ಮಂಡಿಗೆ ಐಸ್ ಒತ್ತಿಕೊಂಡು ಕೂತಿದ್ದ ಕ್ಲೈಡ್‌ನನ್ನು ವರ್ನಾ ಕೇಳಿದಳು. "ನೀನೇ ಇಳಿಸಬಾರದಾಗಿತ್ತಾ? ರೋಡಾ ಪ್ರಾಣ ಹೋಗ್ತಿತ್ತು ಅಲ್ಲಿ."

"ನಾನು ಇಳಿಸಿದ್ರೆ ಅವಳಿಗೆ ಸುಳ್ಳು ಹೇಳಿದ ಹಾಗೆ. ನೋಡ್ತಿರ್ತಾಳೆ ಅಂತ ಗೊತ್ತಿತ್ತು."

"ಅವನಿಗೆ ಏನಂದೆ?"

"ಇಳಿಸ್ದೇ ಇದ್ರೆ ಇವತ್ತಿನ ಪಂದ್ಯ ನಾನೇ ಗೆದ್ದೆ ಅಂತ ಊರಿಗೆಲ್ಲ ಹೇಳ್ತೀನಿ ಕಣೋ, ಅಂದೆ."

ವರ್ನಾಗೆ ನಗು ಬರಲಿಲ್ಲ. ಅಂಗೈಯಲ್ಲಿ ಉಗುರಿನ ಗುರುತು ಇನ್ನೂ ಕೆಂಪಗಿತ್ತು. ಬರುವ ಭಾನುವಾರದಿಂದ ಅವಳು ಎರಡು ಬಲೆಗಳನ್ನು ನೋಡುತ್ತ ಕೂರಬೇಕು.